ಹಡಗಿನ ಇಬ್ಬರು ದುಭಾಷಿಗಳು

ಕಲ್ಯಾಣಪುರದ ಬರ್ತಾ ಏಳು ವರ್ಷದ ಮಗ ಅಲೆಕ್ಸನನ್ನು ಕರೆದುಕೊಂಡು ಮುಂಬಯಿಯಲ್ಲಿ ಮೊಂಬಾಸಾದ ಹಡಗು ಹತ್ತಿದ್ದು ೧೯೫೬ರಲ್ಲಿ. ಗಂಡ ಮೌರಿಸ್ ಅಲ್ಲಿ ಗುಮಾಸ್ತನಾಗಿ ಮೂರು ವರ್ಷವಾಗಿತ್ತು. ಸ್ವರ್ಣಾ ನದಿ ದಾಟಿಸುವ ದೋಣಿಯನ್ನು ಬಿಟ್ಟರೆ ಅವಳು ನೀರಿನ ಮೇಲೆ ಬೇರೆ ಏನನ್ನೂ ಹತ್ತಿದವಳಲ್ಲ. "ಹಡಗಿನಲ್ಲಿ ಯಾರ ಹತ್ತಿರವೂ ಹೆಚ್ಚು ಮಾತು ಬೇಡ. ಎಂತಹ ಜನವೋ" ಎಂದು ಅತ್ತೆ ಹೇಳಿ ಕಳಿಸಿದ್ದರು.

ಪಕ್ಕದ ಮಂಚದಲ್ಲಿ ಸುಭಾಷಿಣಿ ಎಂಬಾಕೆ, ಜೊತೆಗೆ ಅಲೆಕ್ಸನದೇ ವಯಸ್ಸಿನ ಮಗಳು ಗುಣವತಿ. ತಾಯಿ ಮಗಳು ಮರಾಠಿಯಲ್ಲಿ ಮಾತಾಡುತ್ತಿದ್ದರು. ಬರ್ತಾ ತನಗೆ ಬರುವ ಹಿಂದಿಯಷ್ಟನ್ನೂ ಒಟ್ಟುಮಾಡಿ, "ಆಪ್ ಕಿಧರ್?" ಎಂದು ಕೇಳಿದಳು.

"ಮೊಂಬಾಸಾ" ಎಂದಳು ಸುಭಾಷಿಣಿ.

ಇಡೀ ಹಡಗೇ ಅಲ್ಲಿಗೆ ಹೋಗುತ್ತಿತ್ತು. ಮಾತು ಅಷ್ಟಕ್ಕೇ ನಿಂತಿತು.

ಮರುದಿನ ಗುಣವತಿ ಅಲೆಕ್ಸನ ಕಾಲಿಗೆ ಎಡವಿ ಬಿದ್ದು ತುಳುವಿನಲ್ಲಿ ಬೈದಳು. ಅಲೆಕ್ಸ್ ತುಳುವಿನಲ್ಲೇ ತಿರುಗಿ ಬೈದ. ಇಬ್ಬರೂ ಬಾಯಿ ಬಿಟ್ಟು ನಿಂತರು. ಸುಭಾಷಿಣಿ ಕಾರ್ಕಳದ ಕಡೆಯವಳು. ಮುಂಬಯಿಯಲ್ಲಿ ಆರು ವರ್ಷ ಇದ್ದು, ಹೊರಗಿನವರ ಎದುರು ಮರಾಠಿಯಾಡುವುದು ರೂಢಿಯಾಗಿತ್ತು. ಕೊಂಕಣಿಯಾಡುವ ಬರ್ತಾಳನ್ನು ಅವಳು ಗೋವಾದವಳೆಂದು ತಿಳಿದಿದ್ದಳು. ನಿಜ ಗೊತ್ತಾದ ಮಕ್ಕಳು ಅದನ್ನು ಯಾರಿಗೂ ಹೇಳಲಿಲ್ಲ. ದುಭಾಷಿಗಳಾದರು.

ಬರ್ತಾ ಏನಾದರೂ ಕೇಳಿದರೆ ಅಲೆಕ್ಸ್ ಹೋಗಿ ಗುಣವತಿಯ ಕಿವಿಯಲ್ಲಿ ಪಿಸುಗುಟ್ಟಿ, ಸುಭಾಷಿಣಿ ಹೇಳಿದಳೆಂದು ತನಗೆ ಬೇಕಾದ ಉತ್ತರ ತರುತ್ತಿದ್ದ. "ಮೇಲಿನ ಡೆಕ್ಕಿನ ಬಿಸಿಲು ಮಕ್ಕಳ ಮೂಳೆಗೆ ಒಳ್ಳೆಯದಂತೆ." "ಊಟಕ್ಕೆ ಮೊದಲು ಚಕ್ಕುಲಿ ತಿಂದರೆ ವಾಂತಿ ಬರುವುದಿಲ್ಲವಂತೆ." ಆ ಕಡೆ ಗುಣವತಿ, ಸಮುದ್ರದ ಮೇಲಿರುವಾಗ ದಿನಾ ಸ್ನಾನ ಮಾಡಬಾರದೆಂದು ಪಕ್ಕದ ಮಂಚದ ಗೋವಾದ ಬಾಯಮ್ಮ ಹೇಳಿದರೆಂದು ತಾಯಿಯನ್ನು ನಂಬಿಸಿದಳು. ಮಗ ಒಂದೇ ದಿನದಲ್ಲಿ ಮರಾಠಿ ಕಲಿತನೆಂದು ಬರ್ತಾಳಿಗೆ ಹೆಮ್ಮೆ. ಪಕ್ಕದ ಹೆಂಗಸಿನ ತಲೆ ಮಾತ್ರ ಸರಿ ಇದ್ದಂತಿಲ್ಲ ಎಂದುಕೊಂಡಳು.

ಒಂದು ಮಧ್ಯಾಹ್ನ ಕಡಲು ಎದ್ದಿತು. ಮಕ್ಕಳು ಮೇಲೆ ಆಡುತ್ತಿದ್ದರು. ಸುಭಾಷಿಣಿ ವಾಂತಿ ಮಾಡಿ ಸೋತು, ಕಣ್ಣು ಮುಚ್ಚಿಕೊಂಡೇ ನರಳಿದಳು: "ಒಂತೆ ನೀರ್ ಕೊರ್ಲೆ."

ಬರ್ತಾ ಎದ್ದು ಕೂಜದಿಂದ ನೀರು ಬಗ್ಗಿಸಿ ಅವಳ ಬಾಯಿಗೆ ಹಿಡಿದಳು. ಆಮೇಲೆಯೇ ಅವಳಿಗೆ ಹೊಳೆದದ್ದು, ಕೇಳಿದ್ದು ತುಳು ಎಂದು. ತಾನೂ ತುಳುವಿನಲ್ಲೇ ಕೇಳಿದಳು, "ಯಾವ ಊರಾಯಿತು ಅಕ್ಕ ನಿಮಗೆ?"

"ಕುಕ್ಕುಂದೂರು."

"ನನ್ನ ದೊಡ್ಡಮ್ಮನ ಮನೆ ಅಲ್ಲೇ ಹತ್ತಿರ ಅಜೆಕಾರಿನಲ್ಲಿ ಉಂಟು."

ಸುಭಾಷಿಣಿ ಕಣ್ಣು ಬಿಟ್ಟಳು. "ನೀವು ಗೋವಾದವರಲ್ವಾ ಬಾಯಮ್ಮ?"

"ನೀವು ಮರಾಠಿಯವರಲ್ವಾ?"

ಮೂಳೆಯ ವಿಷಯ, ಚಕ್ಕುಲಿಯ ವಿಷಯ, ಸ್ನಾನದ ವಿಷಯ ಒಂದೊಂದಾಗಿ ಹೊರಬಂತು. ಸುಭಾಷಿಣಿ ನಕ್ಕು ನಕ್ಕು ಇನ್ನೊಮ್ಮೆ ವಾಂತಿ ಮಾಡಿದಳು.

ಸಂಜೆ ಮಕ್ಕಳು ಬಂದರು. "ಅಲೆಕ್ಸ್, ಅವರ ಹತ್ತಿರ ಕೇಳು, ಮಕ್ಕಳಿಗೆ ರಾತ್ರಿ ಎಂತ ಕೊಡಬೇಕಂತೆ?" ಎಂದಳು ಬರ್ತಾ.

ಪಿಸುಮಾತಾಯಿತು. "ಚಕ್ಕುಲಿಯಂತೆ."

"ನಾನು ಹರಳೆಣ್ಣೆ ಅಂತ ಹೇಳಿದ ನೆನಪು" ಎಂದು ಸುಭಾಷಿಣಿ ತುಳುವಿನಲ್ಲಿ ಹೇಳಿ, ಟ್ರಂಕಿನಿಂದ ಶೀಶೆ ತೆಗೆದಳು. ಗುಣವತಿ ಓಡಲು ತಿರುಗಿದಳು. ಬರ್ತಾ ಅವಳ ಜಡೆ ಹಿಡಿದು, ಅದೇ ತುಳುವಿನಲ್ಲಿ, "ಕೂತ್ಕೊ ಮಗಾ. ಮೊದಲು ನಿನಗೆ" ಎಂದಳು.

ಆಮೇಲೆ ದುಭಾಷಿಗಳಿಗೆ ಕೆಲಸ ಉಳಿಯಲಿಲ್ಲ. ತಾಯಂದಿರ ಮಾತು ಮಾತ್ರ ಹಗಲೆಲ್ಲ ಆಡಿದರೂ ಮುಗಿಯುತ್ತಿರಲಿಲ್ಲ. ಮಗನಿಗೆ ತಂದೆಯ ಗುರುತು ಸಿಕ್ಕದಿದ್ದರೆ ಏನು ಗತಿಯೆಂದು ಬರ್ತಾ ಹೇಳಿಕೊಂಡಳು. "ನಮ್ಮವರೂ ಅಲ್ಲೇ ಇರುವುದು. ಅವರ ಮೀಸೆ ಈಗ ಉಂಟೋ ಇಲ್ಲವೋ ನನಗೇ ಗೊತ್ತಿಲ್ಲ" ಎಂದಳು ಸುಭಾಷಿಣಿ. ಮೊಂಬಾಸಾದ ಬಂದರಿನಲ್ಲಿ ಅಲೆಕ್ಸ್ ಮೌರಿಸನನ್ನು ಕಂಡು ಬರ್ತಾಳ ಹಿಂದೆ ಅಡಗಿದ್ದು ನಿಜ. ಸುಭಾಷಿಣಿಯೇ ಅವನ ಬೆನ್ನಿಗೆ ಕೈಯಿಟ್ಟು ಮೆಲ್ಲನೆ ಮುಂದೆ ದೂಡಿದಳು.

ಐದು ವರ್ಷದ ಮೇಲೆ ಎರಡೂ ಮನೆಯವರು ರಜೆಯಲ್ಲಿ ಊರಿಗೆ ಬಂದಾಗ ಒಟ್ಟಿಗೆ ಕಾಪುವಿನ ಕಡಲಬದಿಗೆ ಹೋದರು. ಹನ್ನೆರಡರ ಅಲೆಕ್ಸ್, ಗುಣವತಿ ನಾಚಿಕೊಂಡು ಬೇರೆ ಬೇರೆ ಬಂಡೆಯ ಮೇಲೆ ಕುಳಿತರು. ಮೌರಿಸ್ ಮತ್ತು ಸುಭಾಷಿಣಿಯ ಗಂಡ ವಿಠಲ ದೀಪಸ್ತಂಭ ಹತ್ತಿ ಇಳಿದು ಬಂದರೂ ಹೆಂಗಸರ ಮಾತು ನಿಲ್ಲಲಿಲ್ಲ. ಉಡುಪಿಯ ಕೊನೆಯ ಬಸ್ಸು ಹೋಯಿತು.

"ಇನ್ನು ಎಂತ ಮಾಡುವುದು ಮಾರಾಯ?" ಎಂದ ಮೌರಿಸ್.

"ಕಟಪಾಡಿಯ ತನಕ ನಡೆಯುವ. ಅಲ್ಲಿ ನನ್ನ ಅಣ್ಣನ ಮನೆ ಉಂಟು" ಎಂದು ಸುಭಾಷಿಣಿ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೇಬಿಟ್ಟಳು. ಬರ್ತಾ ಅರ್ಧ ಹೇಳಿದ್ದ ಸುದ್ದಿಯನ್ನು ಮುಂದುವರಿಸುತ್ತಾ ಹಿಂದೆ ನಡೆದಳು.