ಮಿನುಗದಿದ್ದರೆ ಗ್ರಹ

ಮಿನುಗಿದರೆ ನಕ್ಷತ್ರ, ಮಿನುಗದಿದ್ದರೆ ಗ್ರಹ. ನನ್ನ ಮಾವನವರ ಖಗೋಳಶಾಸ್ತ್ರ ಶುರುವಾಗುವುದೂ ಮುಗಿಯುವುದೂ ಇಲ್ಲಿಗೇ. ಪಾಠ ನಡೆಯುವುದು ನಮ್ಮ ಮನೆಯ ತಾರಸಿಯಲ್ಲಿ. ಪೂರ್ವಕ್ಕೆ ನೀರಿನ ಟ್ಯಾಂಕು, ಎಡಬಲಕ್ಕೆ ಪಕ್ಕದವರ ಗೋಡೆ; ಪಶ್ಚಿಮಕ್ಕೆ ಮಾತ್ರ ಶಾಲೆಯ ಮೈದಾನದ ಮೇಲೆ ಒಂದು ತುಂಡು ಆಕಾಶ ಉಳಿದಿದೆ. ಸಂಜೆ ಆ ಶಾಲೆಯ ಬಸ್ಸನ್ನು ತಂದು ನಿಲ್ಲಿಸಿ, ಕೈಕಾಲು ತೊಳೆದು, ಮಾವ ತಾರಸಿ ಹತ್ತುತ್ತಾರೆ. ಹಿಂದೆ ನನ್ನ ಮಗಳು, ಅವಳ ಹಿಂದೆ ನನ್ನ ಹೆಂಡತಿ, ಕೊನೆಗೆ ಕುರ್ಚಿ ಹೊತ್ತುಕೊಂಡು ನಾನು. ಮನೆಯಳಿಯನ ಸ್ಥಾನಮಾನ ಇಷ್ಟೇ.

ನನ್ನ ಹೆಂಡತಿ ಹುಟ್ಟುವ ಮೊದಲಿನಿಂದಲೂ ಮಾವ ಬಸ್ಸು ಓಡಿಸುತ್ತಿದ್ದಾರೆ. ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲ ಎಂಬುದು ಅವರ ಹೆಮ್ಮೆ; ಅದನ್ನು ದಿನಕ್ಕೊಂದು ಸಲ ಕೇಳುವುದು ನಮ್ಮ ಕರ್ಮ. ಶಾಲೆ ಕೂಗಳತೆಯಲ್ಲಿದ್ದರೂ ನನ್ನ ಮಗಳು ಬೆಳಿಗ್ಗೆ ತಾತನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ಊರೆಲ್ಲ ಸುತ್ತಿ ಶಾಲೆ ಸೇರುತ್ತಾಳೆ. ಮೊನ್ನೆ ಬಸ್ಸಿನ ಕನ್ನಡಿ ಗೇಟಿಗೆ ತಾಗಿತ್ತು. ಗೇಟು ಕೂರಿಸಿದವನದೇ ತಪ್ಪು ಎಂದರು ಮಾವ. ನಾವೂ ಹೂಂಗುಟ್ಟಿದೆವು.

ಆ ಸಂಜೆ ಮೋಡ ಇರಲಿಲ್ಲ. ಮಾವ ಕುರ್ಚಿಯಲ್ಲಿ ಕೂತು ಬೆರಳು ಚಾಚಿದರು.

"ಅದು ಶುಕ್ರ. ಅದರ ಮೇಲೆ ಗುರು. ಪಕ್ಕದಲ್ಲಿ ನೋಡು ಪುಟ್ಟಿ, ಶನಿ. ಈಚೆಗೆ ಮಂಗಳ. ಆ ಮೂಲೇಲಿರೋದು ಬುಧ ಇರ್ಬೇಕು."

"ಎಲ್ಲರಿಗೂ ಇವತ್ತು ರಜ ಅಂತ ಕಾಣುತ್ತೆ, ಒಟ್ಟಿಗೇ ಬಂದಿದ್ದಾರೆ," ಎಂದೆ. ಹೆಂಡತಿ ನಕ್ಕಳು.

ಮಗಳು ನಗಲಿಲ್ಲ. "ತಾತ, ಶನಿ ಮಿನುಗ್ತಿದೆ."

"ಇಲ್ಲ ಪುಟ್ಟಿ, ಸರಿಯಾಗಿ ನೋಡು."

"ಮಿನುಗ್ತಿದೆ ತಾತ. ಮಂಗಳಾನೂ ಮಿನುಗ್ತಿದೆ. ಮಿನುಗಿದ್ರೆ ನಕ್ಷತ್ರ ಅಂತ ನೀನೇ ಹೇಳಿಲ್ವಾ?"

"ಕಣ್ಣು ಬಿಟ್ಕೊಂಡು ನೋಡು ಅಂದೆ," ಎಂದು ಮಾವ ಗದರಿದರು. ಮೊಮ್ಮಗಳನ್ನು ಅವರು ಗದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಫೋನು ತೆಗೆದು ಆಕಾಶಕ್ಕೆ ಹಿಡಿದೆ. ಗ್ರಹ ತೋರಿಸುವ ಆ್ಯಪ್ ಎರಡೇ ಹೆಸರು ಹೇಳಿತು: ಶುಕ್ರ, ಗುರು. ಉಳಿದವೆಲ್ಲ ನಕ್ಷತ್ರಗಳು, ನಮ್ಮ ಕಣ್ಣಿಗೆ ಚೆನ್ನಾಗಿಯೇ ಮಿನುಗುತ್ತಿದ್ದವು. ಮಾವನವರ ಕಣ್ಣಿಗೆ ಯಾವುದೂ ಮಿನುಗುತ್ತಿರಲಿಲ್ಲ. ಫೋನನ್ನು ಹೆಂಡತಿಯ ಮುಂದೆ ಹಿಡಿದೆ. ಅವಳ ಮುಖ ಸಪ್ಪಗಾಯಿತು. ನನಗೆ ಭಯವಾಯಿತು. ಬೆಳಗಾದರೆ ಮಗಳು ಆ ಕಣ್ಣುಗಳನ್ನು ನಂಬಿಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಾಳೆ.

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾನು ಬಾಯಿಬಿಟ್ಟರೆ ಅಳಿಯನಿಗೆ ಕೋಡು ಬಂತು ಎಂದಾಗುತ್ತದೆ. ಹಾಗಾಗಿ ನೀರಿನ ಟ್ಯಾಂಕನ್ನು ನೋಡುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ, ಒಣಗಿದ ಬಟ್ಟೆ ತೆಗೆಯುತ್ತ, ಏನೂ ಆಗದವಳಂತೆ ಮಾತು ತೆಗೆದಳು.

"ಅಪ್ಪಾ, ನಾಳೆಯಿಂದ ಪುಟ್ಟೀನ ನಾನೇ ನಡೆಸ್ಕೊಂಡು ಹೋಗಿ ಬಿಡ್ತೀನಿ. ಇಲ್ಲೇ ತಾನೇ ಶಾಲೆ. ನಂಗೂ ಓಡಾಡಿದ ಹಾಗಾಗುತ್ತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥ ಮಾತು ಅವಳಿಗೆ ಕರಗತ. ನನ್ನ ಎದೆ ಹಗುರಾಯಿತು.

ಮಾವ ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಪಶ್ಚಿಮಕ್ಕೆ ನೋಡಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಇವಳನ್ನ ನೀನು ನಡೆಸ್ಕೊಂಡು ಹೋಗ್ತೀಯ. ಉಳಿದ ಮಕ್ಕಳನ್ನ?"

ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಬಸ್ಸು ತುಂಬ ಇರುವ ಆ ಮಕ್ಕಳು ನಮ್ಮಿಬ್ಬರ ತಲೆಗೂ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು.

ಮಾವ ಜೇಬಿನಿಂದ ತಮ್ಮ ಫೋನು ತೆಗೆದರು. ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ನನ್ನ ಕೈಗೆ ಕೊಟ್ಟರು.

"ಹೆಡ್‌ಮೇಷ್ಟ್ರಿಗೆ ಫೋನ್ ಮಾಡಿ ಕೊಡಿ," ಎಂದರು. "ನಾಳೆಗೆ ಬೇರೆ ಡ್ರೈವರ್ ನೋಡ್ಕೊಳ್ಳಿ ಅಂತ ನಾನೇ ಹೇಳ್ತೀನಿ. ನಂಗೆ ನಂಬರ್ ಕಾಣ್ತಾ ಇಲ್ಲ."