ಕತ್ತರಿಯವರ ಬೀದಿ

ಸೊಸೆ ಪಕ್ಕದ ಮನೆಯಿಂದ ತಂದ ಮಡಚುಕುರ್ಚಿಗಳನ್ನು ಬಿಡಿಸಿ ಅಂಗಳದಲ್ಲಿ ಇಡುತ್ತಿದ್ದಳು. ಇಟ್ಟದ್ದೇ ತಡ, ಯಾರಾದರೂ ಬಂದು ಕೂರುತ್ತಿದ್ದರು. ಮಾವ ರಾತ್ರಿ ಮಲಗಿದವರು ಏಳಲಿಲ್ಲವೆಂಬ ಸುದ್ದಿಯನ್ನು ಬೆಳಿಗ್ಗೆ ಫೋನಿನ ‘ನಮ್ಮ ಬೀದಿ’ ಗುಂಪಿನಲ್ಲಿ ಹಾಕಿದಾಗ, ನೆಂಟರನ್ನು ಬಿಟ್ಟರೆ ನಾಲ್ಕೈದು ಜನ ಬಂದರೆ ಹೆಚ್ಚು ಎಂದುಕೊಂಡಿದ್ದಳು. ಈಗ ಗೇಟಿನ ಹೊರಗೂ ಜನ.

“ನಾನು ಬಾಲ್ಕನಿ” ಎಂದು ಕನ್ನಡಕದವರೊಬ್ಬರು ಪಕ್ಕದವರಿಗೆ ಪರಿಚಯ ಹೇಳಿಕೊಂಡರು.

“ಓ, ಗುಲಾಬಿ ಗಿಡಕ್ಕೆ ಹುಳ ಬಿದ್ದಿತ್ತಲ್ಲ, ಅದು ನೀವೇನಾ? ನಾನು ಮೂಲೆಮನೆ.”

ಒಂದೇ ಬೀದಿಯಲ್ಲಿದ್ದೂ ಮುಖ ನೋಡಿಕೊಳ್ಳದವರು ಮೆಲ್ಲಗೆ ಕೈಕುಲುಕಿದರು. ನಗು ಬಂತು. ಸಾವಿನ ಮನೆಯೆಂದು ನೆನಪಾಗಿ ತುಟಿ ಬಿಗಿಹಿಡಿದರು.

“ಕತ್ತರಿಯವರು ನಿನ್ನೆ ಸಂಜೆ ಕೂಡ ನಂಗೆ ಬರೆದಿದ್ರು” ಎಂದರು ಮೂಲೆಮನೆಯವರು. “ನಲ್ಲಿ ಸೋರತ್ತೆ ಅಂದಿದ್ದೆ. ‘ರಿಪೇರಿಯವನು ಬರೋ ತನಕ ಕೆಳಗೆ ಬಟ್ಟೆ ಹಾಕಿ, ಆ ಟಪ್ ಟಪ್ ಸದ್ದಿಗೆ ನಿದ್ದೆ ಬರಲ್ಲ’ ಅಂತ.”

*

ಮಾವನದು ರಸ್ತೆ ತಿರುವಿನಲ್ಲೊಂದು ಕಟಿಂಗ್ ಶಾಪ್ ಇತ್ತು. ಕತ್ತರಿಗಿಂತ ಅವರ ನಾಲಿಗೆಯೇ ಚುರುಕು ಎಂದು ಗಿರಾಕಿಗಳು ಹೇಳುತ್ತಿದ್ದರು. ವಯಸ್ಸಾದ ಮೇಲೆ ಕೈ ನಡುಗತೊಡಗಿತು. ಒಂದು ದಿನ ಗಿರಾಕಿಯ ಕಿವಿಗೆ ಕತ್ತರಿ ತಾಗಿತು. ಅವನು “ಇರಲಿ ಬಿಡಿ” ಎಂದ. ಅಂದು ಎಳೆದ ಷಟರನ್ನು ಇವರು ಮತ್ತೆ ಎತ್ತಲಿಲ್ಲ.

ಮನೆಯಲ್ಲಿ ಗೋಡೆ ನೋಡುತ್ತ ಕುಳಿತರು. ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದರು, ಅಷ್ಟೇ.

“ಕೈ ನಿಂತದ್ದಕ್ಕಲ್ಲ ಕಣೆ, ಬಾಯಿ ನಿಂತದ್ದಕ್ಕೆ ಇವರಿಗೆ ಕಾಯಿಲೆ” ಎಂದಳು ಅತ್ತೆ.

ಆ ಮಾತು ಕೇಳಿಯೇ ಸೊಸೆ ಫೋನಿನಲ್ಲಿ ಬೀದಿಯವರಿಗೆಲ್ಲ ಒಂದು ಹರಟೆಕಟ್ಟೆ ಕಟ್ಟಿ, ಅದಕ್ಕೆ ‘ನಮ್ಮ ಬೀದಿ’ ಎಂದು ಹೆಸರಿಟ್ಟು, ಮಾವನ ಕೈಗೆ ಕೊಟ್ಟಳು. ಯಾರು ಯಾವ ಅಡ್ಡಹೆಸರಿನಲ್ಲಾದರೂ ಬರೆಯಬಹುದಿತ್ತು. ಮಾವ ‘ಕತ್ತರಿ’ಯಾದರು. ನಡುಗುವ ಒಂದೇ ಬೆರಳಿನಲ್ಲಿ ದಿನವಿಡೀ ಬರೆದರು. ಕಳೆದ ಬೀಗದ ಕೈ, ತಪ್ಪಿಸಿಕೊಂಡ ಬೆಕ್ಕು, ಹೋದ ಕರೆಂಟು, ಯಾವುದನ್ನೂ ಬಿಡಲಿಲ್ಲ. ಜಗಳ ಕಾವೇರಿದರೆ ಅಂಗಡಿಯಲ್ಲಿ ಹೇಳುತ್ತಿದ್ದುದನ್ನೇ ಬರೆಯುತ್ತಿದ್ದರು: “ಸ್ವಲ್ಪ ತಲೆ ಬಗ್ಗಿಸಿ.” ಬಹಳ ಮಂದಿ ಬಗ್ಗಿಸುತ್ತಿದ್ದರು.

ಇಬ್ಬರು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಒಬ್ಬ ‘ತುತ್ತೂರಿ’. ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು, ಬೆಳಗಿನ ಹೊತ್ತು ಮನೆಯಲ್ಲಿ ಅಭ್ಯಾಸ. ಇನ್ನೊಬ್ಬಳು ‘ನಿದ್ದೆಗೆಟ್ಟವಳು’. ಅವನ ಮನೆ ಹಿಂದಿನ ಓಣಿಯ ನರ್ಸು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು. “ನಿಮ್ಮ ತುತ್ತೂರಿ ಬಾವಿಗೆ ಬೀಳಲಿ” ಎಂದು ಇವಳು. “ಕಿವಿಗೆ ಹತ್ತಿ ಇಟ್ಕೊಳ್ಳಿ, ನಿಮ್ಮ ಆಸ್ಪತ್ರೇಲಿ ಬೇಕಾದಷ್ಟಿದೆ” ಎಂದು ಅವನು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಮಾವ ಒಂದು ಭಾನುವಾರ ಇಬ್ಬರನ್ನೂ ಟೀಗೆ ಕರೆದರು. ಇಸ್ತ್ರಿ ಮಾಡಿದ ಶರ್ಟು ತೊಟ್ಟು ಗೇಟಿನ ಬಳಿ ಕಾದರು. ಎದುರಾಳಿಯೂ ಬರುತ್ತಾರೆಂದು ಇಬ್ಬರೂ ಬರಲಿಲ್ಲ.

“ಅವಮಾನ ಮಾಡಿದ್ರಲ್ಲ ಮಾವ” ಎಂದಳು ಸೊಸೆ.

“ಏ, ಅವಸರ ಏನಮ್ಮ? ಕೂದಲು ಬೆಳೀತಾ ಇರತ್ತೆ, ಜನ ಬರ್ತಾ ಇರ್ತಾರೆ” ಎನ್ನುತ್ತ ಮಾವ ಇನ್ನೊಂದು ಲೋಟ ಟೀ ಬಗ್ಗಿಸಿಕೊಂಡಿದ್ದರು.

*

ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವ ಹೊತ್ತಿಗೆ ಅತ್ತೆಗೆ ತಲೆಸುತ್ತು ಬಂತು. ಬಾಗಿಲ ಬಳಿ ಕುಸಿಯುವಷ್ಟರಲ್ಲಿ, ಬೆಂಚಿನ ತುದಿಯಲ್ಲಿ ತೂಕಡಿಸುತ್ತಿದ್ದ ಹೆಂಗಸೊಬ್ಬಳು ಧಿಗ್ಗನೆ ಎದ್ದು ಹಿಡಿದುಕೊಂಡಳು. ಅದೇ ಬೆಂಚಿನಲ್ಲಿದ್ದ ದಪ್ಪ ಮೀಸೆಯವನು ಇನ್ನೊಂದು ಕಡೆ ಆಸರೆಯಾದ.

“ಮೆಲ್ಲಗೆ ಮಲಗಿಸಿ. ಕಾಲು ಸ್ವಲ್ಪ ಎತ್ತಿ ಹಿಡೀರಿ” ಎಂದು ಅವಳು ಅತ್ತೆಯ ನಾಡಿ ನೋಡಿದಳು. ಅವನು ಹೇಳಿದಂತೆ ಮಾಡಿದ. ಓಡಿಹೋಗಿ ನೀರು ತಂದ, ಮತ್ತೆ ಕಾಲು ಹಿಡಿದು ಕುಳಿತು ಪೇಪರಿನಿಂದ ಗಾಳಿ ಬೀಸಿದ.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ. ಗಾಬರಿ ಬೇಡ.”

“ನೀವಿದ್ದದ್ದು ಪುಣ್ಯ” ಎಂದ ಅವನು. “ಡಾಕ್ಟರಾ?”

“ನರ್ಸು. ಡ್ಯೂಟಿ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದೆ. ನೀವು?”

“ಬ್ಯಾಂಡಲ್ಲಿ ಟ್ರಂಪೆಟ್...” ಎಂದವನ ಮಾತು ಅಲ್ಲಿಗೇ ನಿಂತಿತು. ಅವಳ ಕೈ ಅತ್ತೆಯ ಮಣಿಕಟ್ಟಿನ ಮೇಲೆಯೇ ಉಳಿಯಿತು.

“ನೀವಾ!” ಎಂದರು ಇಬ್ಬರೂ ಒಟ್ಟಿಗೆ.

ಅಂಗಳದವರೆಲ್ಲ ಇತ್ತ ತಿರುಗಿದರು. ಸೊಸೆ ಅವರಿಬ್ಬರ ನಡುವೆ ಬಂದು ನಿಂತಳು. ಮಾವನನ್ನು ಹೊರಗೆ ತರುವ ಹೊತ್ತಿನಲ್ಲಿ ಇಲ್ಲೇ ಜಗಳ ಶುರುವಾದರೆ?

ಮಲಗಿದ್ದಲ್ಲಿಂದಲೇ ಅತ್ತೆ ಇಬ್ಬರನ್ನೂ ದಿಟ್ಟಿಸಿದಳು. ಅಳುವೋ ನಗುವೋ, ಅವಳ ಮೈ ಕುಲುಕಿತು. “ಅವರು ಕರೆದಾಗ ಬರಲಿಲ್ಲ. ಈಗ ಬಂದು ನನ್ನ ಕಾಲೊಬ್ಬರು, ಕೈಯೊಬ್ಬರು ಹಿಡ್ಕೊಂಡಿದೀರ. ಎದ್ದು ನೋಡಿದ್ದಿದ್ರೆ ಕುಣೀತಿದ್ರು ಮುದುಕಪ್ಪ.”

ಮೂಲೆಮನೆಯವರಿಗೆ ತಡೆಯಲಾಗದೆ ನಗು ಬಂತು. ಬಾಲ್ಕನಿಯವರೂ ನಕ್ಕು ಕಣ್ಣೊರೆಸಿಕೊಂಡರು.

ಮೀಸೆಯವನು ನೆಲ ನೋಡುತ್ತ ಕೇಳಿದ: “ನೀವು ಎಷ್ಟೊತ್ತಿಗೆ ಮಲಗೋದು?”

“ಎಂಟಕ್ಕೆ. ಎರಡಕ್ಕೆ ಏಳ್ತೀನಿ.”

“ಎರಡರ ಮೇಲೆ ಊದಿದ್ರೂ ನಂಗೆ ನಡೆಯತ್ತೆ.”

ಅವಳು ಅವನನ್ನೇ ನೋಡಿದಳು. “ಇಷ್ಟು ದಿನದಲ್ಲಿ ಇದನ್ನ ಕೇಳಬಾರದಿತ್ತಾ?”

“ನೀವು ಹೇಳಬಾರದಿತ್ತಾ?”

ಇಬ್ಬರೂ ಸೇರಿ ಅತ್ತೆಯನ್ನು ಎಬ್ಬಿಸಿ ಕೂರಿಸಿ, ಸಕ್ಕರೆ ಹಾಕಿದ ಟೀ ಕುಡಿಸಿದರು.

ಮಗ ಮತ್ತು ಬೀದಿಯವರು ಹೆಗಲು ಕೊಟ್ಟು ಹಿರಿಯನನ್ನು ವ್ಯಾನಿಗೆ ಏರಿಸಿದರು. ಹಿಂದೆ ಜೊತೆಗೆ ಹೋಗುವವರಿಗೆ ಬಸ್ಸಿತ್ತು. ನರ್ಸು ಅತ್ತೆಯ ಪಕ್ಕದ ಸೀಟಿನಲ್ಲಿ ಕುಳಿತವಳು, ಕಿಟಕಿಗೆ ತಲೆ ಆನಿಸಿದ್ದೇ ನಿದ್ದೆಹೋದಳು. ಅತ್ತೆ ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದಳು.

ವ್ಯಾನು ತಿರುವು ದಾಟಿತು. ಬಸ್ಸಿನ ಮುಂದೆ ಇನ್ನೂ ಜನ, ಸೈಕಲ್ಲು, ಅಡ್ಡ ನಿಲ್ಲಿಸಿದ ಕಾರು. ಡ್ರೈವರು ಹಾರ್ನಿಗೆ ಕೈ ಹಾಕಿದ.

“ಬೇಡ, ಬೇಡ!” ಎಂದು ಪಿಸುಗುಟ್ಟಿದ ಮೀಸೆಯವನು ಬಸ್ಸಿನಿಂದ ಕೆಳಗೆ ಧುಮುಕಿದ. ತುಟಿಗೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯಿಂದ ಜನರನ್ನು ಪಕ್ಕಕ್ಕೆ ಸರಿಸುತ್ತ, ತನ್ನ ದೊಡ್ಡ ದೇಹವನ್ನು ತುದಿಗಾಲಿನಲ್ಲಿ ಹೊತ್ತು ಬೀದಿಯುದ್ದಕ್ಕೂ ಮುಂದೆ ಮುಂದೆ ನಡೆದ. ಅವನ ಹಿಂದೆ ಬಸ್ಸು ಸದ್ದಿಲ್ಲದೆ ತೆವಳುತ್ತ ಬಂತು.