ಮಾಮಿಯ ಕೊರಳಿನ ಪದರ

ಮೊದಲೇ ಹೇಳಿಬಿಡುತ್ತೇನೆ, ಈ ಶಕುನ ಗಿಕುನ ನನಗೆ ಆಗಿಬರುವುದಿಲ್ಲ. ಕಂಪ್ಯೂಟರಿನಲ್ಲಿ ಕುಣಿಯುವ ಗೊಂಬೆಗಳಿಗೆ ಚಿತ್ರ ಸಿದ್ಧಪಡಿಸುವುದು ನನ್ನ ಕಸುಬು. ಒಂದೇ ಚಿತ್ರವನ್ನು ರೆಪ್ಪೆ, ಕಣ್ಣುಗುಡ್ಡೆ, ಒಂಬತ್ತು ಬಗೆಯ ಬಾಯಿ, ಮೊಣಕೈ ಎಂದು ಪದರ ಪದರವಾಗಿ ಕುಯ್ಯಬೇಕು. ಯಾವುದು ಅಲ್ಲಾಡಬೇಕೋ ಅದಕ್ಕೊಂದು ಪದರ. ಅದು ಅಲ್ಲಾಡಿದಾಗ ಹಿಂದೆ ತೂತು ಕಾಣಬಾರದು, ಅಲ್ಲೂ ಬಣ್ಣ ತುಂಬಿರಬೇಕು.

ಶಂಕರಪುರಂನ ನಮ್ಮ ಕೆಳಗಿನ ಮನೆಯ ಆಂಡಾಳ್ ಮಾಮಿ ಮಕ್ಕಳಿಗೆ ಕಥೆ ಹೇಳುವ ಚಾನೆಲ್ ಶುರುಮಾಡಿದ್ದರು. ಅದಕ್ಕೆ ಅವರದೇ ಗೊಂಬೆ ಬೇಕಿತ್ತು. ಗೊಂಬೆ ತಲೆ ಆಡಿಸಿದರೆ ತಾಳಿಯೂ ಆಡಲಿ ಎಂದು ಅದಕ್ಕೂ ಒಂದು ಪದರ ಮಾಡಿದೆ. ಶುಕ್ರವಾರ ಬೆಳಿಗ್ಗೆ, ಹಿಂದಿನ ಕೊರಳಿಗೆ ಬಣ್ಣ ಸರಿಯಾಗಿ ಬಿದ್ದಿದೆಯೇ ನೋಡಲು ತಾಳಿಯ ಪದರದ ಪಕ್ಕದಲ್ಲಿದ್ದ ಕಣ್ಣಿನ ಗುರುತು ಒತ್ತಿದೆ; ಒಮ್ಮೆ ಒತ್ತಿದರೆ ಪದರ ಅಡಗುತ್ತದೆ, ಮತ್ತೆ ಒತ್ತಿದರೆ ಕಾಣುತ್ತದೆ. ತಾಳಿ ಮಾಯವಾಯಿತು. ಅದೇ ಗಳಿಗೆಗೆ ಮಾಮಿ ಕಾಫಿ ಹಿಡಿದು ಒಳಗೆ ಬಂದರು.

ಲೋಟ ನೆಲಕ್ಕೆ ಬಿತ್ತು. ಕೆಳಗೆ ಅವರ ಗಂಡ ರಾಮಾನುಜ ಮಾಮ ಕೆಮ್ಮಿದ್ದು ಕೇಳಿಸಿತು. ಸೋಮವಾರ ಮಾಮನಿಗೆ ಹೃದಯದ ಆಪರೇಷನ್ ಇತ್ತು.

ಇನ್ನೊಂದು ಸಲ ಒತ್ತಿದರೆ ವಾಪಸ್ ಬರುತ್ತದೆ ಎಂದು ಮೌಸಿಗೆ ಕೈ ಹಾಕಿದೆ. ಮಾಮಿ ನನ್ನ ಮಣಿಕಟ್ಟು ಹಿಡಿದುಬಿಟ್ಟರು.

“ನೀನು ಮುಟ್ಬೇಡ ಅಕ್ಷಯಾ. ಕಟ್ಟಿದವರೇ ಕಟ್ಬೇಕು.”

ಪಿತ್ತ ನೆತ್ತಿಗೇರಿತು. ಆದರೂ ಮೌಸ್ ಬಿಟ್ಟು ಕುರ್ಚಿಯಿಂದ ಎದ್ದೆ. ಮಾಮ ಎರಡು ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಬಂದರು, ಪಂಚಾಂಗ ನೋಡಿ ರಾಹುಕಾಲ ಹನ್ನೆರಡಕ್ಕೆ ಮುಗಿಯುತ್ತದೆ ಎಂದರು. ಅಷ್ಟರಲ್ಲಿ ನನ್ನ ಮೇಜನ್ನು ಪೂರ್ವಕ್ಕೆ ತಿರುಗಿಸಿದ್ದಾಯಿತು. ಮಾನಿಟರಿಗೆ ಅರಿಶಿನ ಕುಂಕುಮ ಬಿತ್ತು. ಮಾಮ ಜರಿ ಪಂಚೆ ಉಟ್ಟು ಕುಳಿತರು, ಮಾಮಿ ಪಕ್ಕದಲ್ಲಿ ತಲೆ ತಗ್ಗಿಸಿದರು. ನನ್ನ ಫೋನಿನಲ್ಲಿ ಗಟ್ಟಿಮೇಳ ಹಾಕಿದೆ, ನನ್ನ ಕರ್ಮ.

ಮೂರು ಗಂಟಿಗೆ ಮೂರು ಸಲ ಒತ್ತಬೇಕೆಂದು ಮಾಮ ತಾವೇ ತೀರ್ಮಾನಿಸಿದ್ದರು. ಮೊದಲನೆಯದಕ್ಕೆ ತಾಳಿ ಬಂತು. ಎರಡನೆಯದಕ್ಕೆ ಮತ್ತೆ ಮಾಯವಾಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು, ಮೊದಲೇ ಹೇಳಬಾರದಿತ್ತೇ! ಮಾಮನ ಮುಖ ಬಿಳಿಚಿಕೊಂಡಿತು. ಇನ್ನೊಂದು ಒತ್ತಿದರೆ ಬಂದೇ ಬರುತ್ತದೆ ಎಂದು ನಾನು ಅಂಗಲಾಚಿದೆ. ಬೆರಳು ಅಲ್ಲಾಡಲಿಲ್ಲ. ಬಾರದೇ ಹೋದರೆ ಎಂಬ ಹೆದರಿಕೆ ಅವರಿಗೆ.

ಮಾಮಿ ತಲೆ ಎತ್ತಿ, ಗಂಡನ ಕೈ ಮೇಲೆ ಕೈ ಇಟ್ಟರು.

“ಒತ್ರೀ. ನಾನಿದೀನಲ್ಲ.”

ಇಬ್ಬರೂ ಒತ್ತಿದರು. ತಾಳಿ ಬಂತು. ನಾನು ಹಾಕಿದ ಅಕ್ಷತೆ ನನ್ನದೇ ಕೀಬೋರ್ಡಿನ ಸಂದಿಗೊಂದಿಗೆಲ್ಲ ಇಳಿಯಿತು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಮಾಮನ ಫೋನ್ ಬಂತು. ಒಳಗೆ ಕರೆದುಕೊಂಡು ಹೋಗಲು ಸ್ಟ್ರೆಚರ್ ಬಂದಿತ್ತಂತೆ. ಮಾಮಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು.

“ಅಕ್ಷಯಾ, ಅದನ್ನ ಸೇವ್ ಮಾಡಿದೀಯೇನಮ್ಮಾ?”

ನಾಲ್ಕು ಕಡೆ ಮಾಡಿದ್ದೇನೆ ಎಂದೆ. ಸುಳ್ಳು, ಎರಡೇ ಕಡೆ ಮಾಡಿದ್ದೆ. ಫೋನಿಟ್ಟ ತಕ್ಷಣ ಇನ್ನೆರಡು ಕಡೆ ಮಾಡಿದೆ.